ಗಬ್ಬೂರಿನ ಬದನಿಕೆ

"ಮುಟ್ಟಬ್ಯಾಡ್ರಿ ಬಾಯಾರ. ಆ ಬದನಿಕಿಗೆ ಮಾಟ ಐತಿ," ಎಂದಳು ಹೊಲ ಕಾಯುವ ಮುದಕವ್ವ. "ತಿಂದಾಕಿ ಬಸುರಾಗ್ತಾಳ, ಆಕಿನ್ನ ಹಡದಾಕಿ ಒಣಗ್ತಾಳ. ನಮ್ಮವ್ವನ್ನ ಹಂಗ ಕಳಕೊಂಡೇನಿ."

ಮೈತ್ರೇಯಿ ನಕ್ಕಳು. ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸುವವಳು; ಬೇರೆ ಮರದ ಕೊಂಬೆಗೆ ಬೇರಿಳಿಸಿ, ಅದರ ರಸ ಹೀರಿ ಬದುಕುವ ಬದನಿಕೆಯಂಥ ಗಿಡಗಳನ್ನು ಹುಡುಕಿಕೊಂಡು ಗಬ್ಬೂರಿಗೆ ಬಂದಿದ್ದಳು. ಬದನಿಕೆಯ ಹಣ್ಣನ್ನು ದನ ಕಾಯುವವರು ತಿನ್ನುತ್ತಾರೆ, ಬಸಿರು ನಿಲ್ಲಲು ಅದು ಮದ್ದೆಂದೂ ಹೇಳುತ್ತಾರೆ. ಅವಳಿಗೆ ಮೂರು ಸಲ ಬಸಿರು ಇಳಿದಿತ್ತು.

"ಗಿಡಕ್ಕೇನು ತಿಳೀತದ, ಯಾರವ್ವ ಯಾರಂತ?" ಎನ್ನುತ್ತ ಮಾವಿನ ಕೊಂಬೆಗೆ ಹತ್ತಿದ್ದ ಬದನಿಕೆಯಿಂದ ನಾಲ್ಕು ಕೆಂಪು ಹಣ್ಣು ಹರಿದು ಬಾಯಿಗೆ ಹಾಕಿಕೊಂಡಳು. ಸಿಹಿಯಾದ ಅಂಟು ಅಂಗುಳಕ್ಕೆ ಹತ್ತಿ ಸಂಜೆತನಕ ಬಿಡಲಿಲ್ಲ.

ಎರಡು ತಿಂಗಳಲ್ಲಿ ಬಸಿರು ನಿಂತಿತು. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ತಾಯಿ ಮೃಣಾಲಿನಿ ತುಪ್ಪದ ದೀಪ ಹಚ್ಚಿದರು. ಮಗಳ ಹೊಟ್ಟೆ ತುಂಬುತ್ತ ಬಂದಂತೆ ತಾಯಿಯ ಬಳೆಗಳು ಸಡಿಲಾದವು. ಗಂಡ ಸಂಕೇತ ಅತ್ತೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ದ. ರೋಗ ಸಿಗಲಿಲ್ಲ. ಏಳನೇ ತಿಂಗಳು, ತಾಯಿಯ ತಲೆ ಬಾಚುವಾಗ ಮೈತ್ರೇಯಿಯ ಬೆರಳು ಅವರ ಕತ್ತಿಗೆ ತಾಗಿತು. ಚರ್ಮ ತೊಗಟೆಯಂತೆ ಬಿರಿದಿತ್ತು. ಬಿರುಕಿನಲ್ಲಿ ಅಂಟು. ಮೂಸಿದಳು. ಅದೇ ಸಿಹಿ ವಾಸನೆ.

ಅಂದೇ ಗಬ್ಬೂರಿಗೆ ಓಡಿದಳು.

"ನೀವು ಹಣ್ಣು ಹರದ ಕೊಂಬಿ ಕಡದ್ರ ನಿಮ್ಮವ್ವ ಉಳಿತಾರ್ರಿ," ಮುದಕವ್ವ ತಲೆ ಎತ್ತದೆ ಕೊಡಲಿ ಕೊಟ್ಟಳು. "ಕೂಸು ಉಳಿಯಂಗಿಲ್ಲ. ನನ್ನ ಕೈಲೆ ಆಗಲಿಲ್ಲ ನೋಡ್ರಿ."

ಮೋಡ ಕವಿದು ಮಾವಿನ ಮರದ ಕೆಳಗೆ ಹಗಲೇ ಕತ್ತಲಾಗಿತ್ತು. ಬೈಪಾಸಿನ ಲಾರಿಗಳ ಸದ್ದು ಅಡಗಿತು. ಎಲೆಗಳ ನಡುವೆ ಏನೋ ಹೀರುವ ಸಪ್ಪಳ. ಕೊಡಲಿ ಎತ್ತಿದಳು. ಕೂಸು ಒದೆಯಿತು. ಮತ್ತೆ ಎತ್ತಿದಳು. ಮತ್ತೆ ಒದೆಯಿತು. ಫೋನು ಬಡಿದುಕೊಂಡಿತು. ತಾಯಿ.

"ಎಲ್ಲಿದ್ದೀಯವಾ? ಊಟದ ಹೊತ್ತಾತು. ಲಗೂ ಬಾ. ನೀ ಇಲ್ಲದ ನನಗ ಊಟ ಸೇರಂಗಿಲ್ಲ."

ಮೈತ್ರೇಯಿ ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಮನೆ ತಲುಪಿದಾಗ ಮೃಣಾಲಿನಿ ಎರಡು ತಾಟು ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು. ಉಸಿರಿರಲಿಲ್ಲ. ಎತ್ತಿದರೆ ಒಣಕಟ್ಟಿಗೆಯಷ್ಟು ಹಗುರ.

ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು. ನೋಡಲು ಬಂದವರೆಲ್ಲ, "ಅಜ್ಜೀನ ಹುಟ್ಟಿ ಬಂದಾಳ ನೋಡವಾ, ಅದೇ ಕಣ್ಣು," ಎಂದರು.

ಮಗು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು. ಮೈತ್ರೇಯಿ ಮುಖ ತಿರುಗಿಸಿಕೊಂಡೇ ಹಾಲೂಡಿಸಿದಳು.