ಯಾರದೂ ಅಲ್ಲದ ಕೌದಿ

“ನಾ ಬರಂಗಿಲ್ಲಬೇ!” ಹುಲುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಳು. “ಪೆದ್ದಕಡುಬೂರಿಗೆ ಬೇಕಾದ್ರ ನೀ ಒಬ್ಬಾಕೀನ ಹೋಗು.”

ಅವ್ವ ಗಾದಿಲಿಂಗಮ್ಮ ಸೂಜಿ, ದಾರದುಂಡೆ, ಕತ್ತರಿಗಳನ್ನು ಗಂಟು ಕಟ್ಟುತ್ತಿದ್ದಳು. “ಹದಿನೈದು ದಿನ ನಿನಗ ರೊಟ್ಟಿ ಯಾರು ಬಡೀತಾರ? ಸ್ಲೇಟು ತಿಂತಿಯೇನು?”

“ಮೇಷ್ಟ್ರು ಹೇಳ್ಯಾರ. ಇನ್ನೊಂದು ವಾರ ಸಾಲಿ ತಪ್ಪಿಸಿದರ ನಾಲ್ಕನೇ ಕ್ಲಾಸಿಗೆ ಕಳಸಂಗಿಲ್ಲಂತ. ಸಣ್ಣ ಹುಡುಗರ ಕೂಡ ಮತ್ತ ಮೂರನೇ ಕ್ಲಾಸಿನಾಗ ಕುಂದರಬೇಕಂತ!” ಹೇಳುತ್ತಾ ಹೇಳುತ್ತಾ ಹುಲುಗಿಗೆ ಅಳು ಬಂದೇಬಿಟ್ಟಿತು.

ಅವ್ವನ ಕೈ ಗಂಟಿನ ಮೇಲೆಯೇ ನಿಂತಿತು.

ಅವರ ಊರು ಆಲೂರು ಆಗಿನ್ನೂ ಆಂಧ್ರಕ್ಕೆ ಸೇರಿರಲಿಲ್ಲ, ಬಳ್ಳಾರಿ ಜಿಲ್ಲೆಯಲ್ಲಿತ್ತು. ಹುಲುಗಿಯ ಅಪ್ಪ ಅವಳು ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಮಗಳು ಇಬ್ಬರೇ. ಅವ್ವನ ಕೆಲಸ ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು ಹೊಲಿದರೆ ಹೊದೆಯಲು ಬೆಚ್ಚಗಿನ ಕೌದಿ ಆಗುತ್ತದಲ್ಲ, ಅದೇ. ಗಾದಿಲಿಂಗಮ್ಮನ ಹೊಲಿಗೆ ಇರುವೆ ಸಾಲಿನ ಹಾಗೆ ನೇರ.

ಆದರೆ ಮನೆಯ ಬಟ್ಟೆಯನ್ನು ಯಾರೂ ಹೊಸಿಲು ದಾಟಿಸುತ್ತಿರಲಿಲ್ಲ. ಹೊಲಿಯುವವಳೇ ಅವರ ಮನೆಗೆ ಹೋಗಿ, ಅವರ ಕಟ್ಟೆಯ ಮೇಲೆ ಕೂತು ಹೊಲಿಯಬೇಕು. ಮುಗಿದ ಮೇಲೆ ಅವರು ಜೋಳ ಅಳೆದು ಕೊಡುತ್ತಿದ್ದರು. ಒಂದೂರು ಮುಗಿದರೆ ಇನ್ನೊಂದೂರು. ಆ ವರ್ಷ ಹುಲುಗಿ ಶಾಲೆಯಲ್ಲಿ ಅಕ್ಷರ ತಿದ್ದಿದ್ದಕ್ಕಿಂತ ಮಂದಿಯ ಕಟ್ಟೆಯ ಮೇಲೆ ಸೂಜಿಗೆ ದಾರ ಪೋಣಿಸಿದ್ದೇ ಹೆಚ್ಚು.

ಅಳು ಕೇಳಿ ಪಕ್ಕದ ಮನೆಯ ಟೇಲರ್ ಪಕೀರಪ್ಪ ತಲೆ ಹಾಕಿದ. ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

“ಮಂದಿ ಕಟ್ಟಿ ಕಾಯೋದು ಎಷ್ಟು ದಿನವ್ವಾ? ನನ್ನ ಅಂಗಡ್ಯಾಗ ಕಟ್‌ಪೀಸು ರಾಶಿ ಬಿದ್ದೈತಿ. ತಗೋ. ಮನ್ಯಾಗ ಕುಂತು ಕೌದಿ ಹೊಲಿ, ಸಂತ್ಯಾಗ ಮಾರು. ನಿನ್ನ ಮಾಲು, ನಿನ್ನ ರೇಟು!”

“ಹೌದಬೇ!” ಹುಲುಗಿ ಮೂಗು ಒರೆಸಿಕೊಂಡಳು. “ಸಂತ್ಯಾಗ ನಾನ ಕೂಗ್ತೀನಿ.”

ಗಾದಿಲಿಂಗಮ್ಮ ಜೋಳದ ಗಡಿಗೆಯತ್ತ ನೋಡಿದಳು. ಒಂದು ತಿಂಗಳಿಗೆ ಸಾಕು, ಅಷ್ಟೇ. ಸಂತೆಯಲ್ಲಿ ಕೌದಿ ಹೋದರೆ ಸರಿ. ಹೋಗದಿದ್ದರೆ ಮತ್ತೆ ಇದೇ ಗಂಟು, ಮತ್ತೆ ಊರೂರು. ಹುಲುಗಿಗೂ ಅದು ಗೊತ್ತಿತ್ತು. ಕೊನೆಗೆ ಅವ್ವ ಗಂಟು ಬಿಚ್ಚಿದಳು.

ಆ ತಿಂಗಳು ಎಷ್ಟು ಚೆನ್ನಾಗಿತ್ತೆಂದರೆ, ಹುಲುಗಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಭೀಮಲಿಂಗಪ್ಪ ಮೇಷ್ಟ್ರು ಕೂಡ “ಏನವ್ವಾ, ದಾರಿ ತಪ್ಪಿ ಬಂದಿಯೇನು?” ಎಂದು ರೇಗಿಸಿದರು. ಸಂಜೆ ಅವಳು ತುಂಡುಗಳನ್ನು ಜೋಡಿಸುತ್ತಿದ್ದಳು. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಹಳದಿ. ಎರಡು ಕೌದಿ ಎದ್ದವು. ನೋಡಿದರೆ ಕಣ್ಣು ತಣ್ಣಗಾಗಬೇಕು, ಹಾಗಿದ್ದವು.

ಸಂತೆಯ ದಿನ ಬೇವಿನ ಮರದ ಕೆಳಗೆ ಅವನ್ನು ಹರಡಿದರು.

“ಬರ್ರೀ ಬರ್ರೀ! ಹೊಸಾ ಕೌದಿ! ಯಾರೂ ಉಟ್ಟಿಲ್ಲ, ಯಾರೂ ತೊಟ್ಟಿಲ್ಲ!” ಹುಲುಗಿ ಗಂಟಲು ಹರಿಯುವ ಹಾಗೆ ಕೂಗಿದಳು.

ಜನ ಬಂದರು. ಮುಟ್ಟಿದರು. “ಚಾಲಾ ಬಾಗುಂದಿ,” ಎಂದು ತೆಲುಗಿನಲ್ಲಿ ಹೊಗಳಿದರು. “ಕೈ ಅಂದ್ರ ಇದು ಕೈ!” ಎಂದು ಕನ್ನಡದಲ್ಲಿ ಹೊಗಳಿದರು. ಹೊಗಳಿ ಮೆಣಸಿನಕಾಯಿ ಕೊಳ್ಳಲು ಹೋಗಿಬಿಟ್ಟರು.

ಒಬ್ಬಾಕೆ ಮಾತ್ರ ಕೂತು ಕೇಳಿದಳು. “ಈ ಹಸರು ತುಂಡು ಯಾರ್ದು?”

“ಯಾರ್ದೂ ಅಲ್ಲರಿ. ಎಲ್ಲಾ ಟೇಲರ್ ಅಂಗಡೀದು.”

“ಯಾರ್ದೂ ಅಲ್ಲದ್ದನ್ನ ಹೆಂಗ ಹೊದ್ಕೊಳ್ಳೋದಬೇ? ನಮ್ಮ ಮನೀ ಕೌದ್ಯಾಗ ನಮ್ಮತ್ತೀ ಸೀರಿ ಐತಿ, ನನ್ನ ಮದುವಿ ಕುಬಸ ಐತಿ.” ಆಕೆಯೂ ಎದ್ದು ಹೋದಳು.

ಮಧ್ಯಾಹ್ನವಾಯಿತು. ಬಿಸಿಲು ಮರದ ಕೆಳಗೂ ನುಗ್ಗಿತು. ಹುಲುಗಿಯ ಧ್ವನಿ ಇಳಿಯಿತು, ಆಮೇಲೆ ನಿಂತೇಹೋಯಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಂಟು ಕಟ್ಟುವ ಹೊತ್ತಿಗೆ ಒಬ್ಬ ಅಜ್ಜಿ ಬಂದಳು. ಮೇಲಿನ ಓಣಿಯ ಬಸವಕ್ಕ. ಆಕೆ ಕೌದಿಯ ಮೇಲೆ ಬೆರಳಾಡಿಸಿ ಹೊಲಿಗೆಯ ಸಾಲುಗಳನ್ನು ಮೆಲ್ಲಗೆ ನೋಡಿದಳು.

“ಇದು ನನಗ ಬ್ಯಾಡ. ಈ ಹೊಲಿಗಿ ಬೇಕು,” ಎಂದಳು. “ನಮ್ಮ ಮನ್ಯಾಗ ಬಟ್ಟಿ ಗಂಟು ಬಿದ್ದು ಮೂರು ವರ್ಷಾತು. ಸೊಸಿ ಬಾಣಂತಿ ಅದಾಳ, ಕಟ್ಟೀ ಮ್ಯಾಲ ಕುಂದರಸಾಕ ಜಾಗ ಇಲ್ಲ. ನಾನ ನಿಮ್ಮ ಮನಿಗೆ ತಂದರ ಹೊಲೀತಿಯೇನು?”

ಗಾದಿಲಿಂಗಮ್ಮ ಗಾಬರಿಯಾದಳು. “ಮಂದಿ ಬಟ್ಟಿ ನಮ್ಮ ಮನಿಗೆ ತರಬಾರದಲ್ಲಬೇ? ಒಂದು ಚೂರು ಕಡಿಮಿ ಬಿದ್ದರ ನನ್ನ ಹೆಸರು ಕೆಡತೈತಿ.”

“ನಾ ಬಂದು ಬಾಜೂಕ ಕುಂದರ್ತೀನಿ. ಹೆಂಗ ಕಡಿಮಿ ಬೀಳತೈತಿ?”

“ತರ್ರಿ ಅಜ್ಜೀ!” ಅವ್ವ ಬಾಯಿ ತೆರೆಯುವ ಮೊದಲೇ ಹುಲುಗಿ ಹೇಳಿಬಿಟ್ಟಳು. “ಅವ್ವ ಹೊಲೀತಾಳ!”

ಇದನ್ನು ಕೇಳಿಸಿಕೊಂಡು ಈರುಳ್ಳಿ ಮಾರುವವಳೂ ಹತ್ತಿರ ಬಂದಳು. “ಹಂಗಾದರ ನಂದೂ ಒಂದು,” ಎಂದಳು. ಅವಳ ಹಿಂದೆ ಮತ್ತೊಬ್ಬಳು. ಸಂತೆಯಿಂದ ಮರಳುವಾಗ ಎರಡು ಕೌದಿಯೂ ತಲೆಯ ಮೇಲೇ ಇದ್ದವು. ಆದರೂ ಅವ್ವ ದಾರಿಯುದ್ದಕ್ಕೂ ಮಾತಾಡುತ್ತಾ ಬಂದಳು. ಮಾರನೆಯ ದಿನ ಅವನ್ನು ಮನೆಯ ಮುಂದೆ ಹಗ್ಗಕ್ಕೆ ಹಾಕಿದಳು. ಪಕೀರಪ್ಪ ನೋಡಿ, “ನನ್ನ ಅಂಗಡಿಗೂ ಇಂಥ ಬೋರ್ಡು ಇಲ್ಲ,” ಎಂದು ನಕ್ಕ.

ಮೂರನೆಯ ದಿನ ಬೆಳಿಗ್ಗೆ ಬಸವಕ್ಕ ಗಂಟು ಹೊತ್ತು ಬಂದಳು. ಹುಲುಗಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದವಳು, ಗಂಟಿನಲ್ಲಿ ಏನಿದೆಯೋ ಎಂದು ನೋಡಲು ನಿಂತಳು.

ಎರಡು ಸೀರೆ, ಒಂದು ಧೋತರ. ಅಡಿಯಲ್ಲಿ ಒಂದು ಬಿಳಿ ಅಂಗಿ, ತೊಳೆದು ಮಡಚಿದ್ದು.

“ಇದು ತೀರಿಹೋದ ನಮ್ಮನಿಯವರದು. ಜಂಬಪ್ಪ ಅಂತ,” ಎಂದು ಬಸವಕ್ಕ ಗಂಡನ ಹೆಸರನ್ನು ಸಣ್ಣ ಧ್ವನಿಯಲ್ಲಿ ಹೇಳಿದಳು. ಹೇಳಿ ಹುಡುಗಿಯ ಹಾಗೆ ನಕ್ಕಳು. “ಆದವಾನಿ ಪ್ಯಾಟಿಗೆ ಹತ್ತಿ ಬಂಡಿ ಹೊಡಕೊಂಡು ಹೋದರ, ಬರುವಾಗ ಈ ಕಿಸ್ಯಾಗ ಹುರದ ಪುಟಾಣಿ ಕಡಲಿ ತರತಿದ್ರು. ಮೊದಲು ನಾ ಕೈ ಹಾಕಬೇಕು, ಆಮ್ಯಾಲ ಮಕ್ಕಳು.”

ಅವ್ವ ಅಂಗಿಯನ್ನು ಬೆಳಕಿಗೆ ಹಿಡಿದಳು. “ಕಿಸಿ ಬಿಚ್ಚಬೇಕಕ್ಕಾ. ದಪ್ಪ ಆದರ ಸೂಜಿ ಹೋಗಂಗಿಲ್ಲ.”

“ಬಿಚ್ಚು, ಬಿಚ್ಚು,” ಎಂದಳು ಬಸವಕ್ಕ. ಆದರೆ ಅವಳ ಕೈ ಅಂಗಿಯನ್ನು ಬಿಡಲಿಲ್ಲ.

ಅವ್ವ ಕತ್ತರಿ ತೆಗೆದುಕೊಂಡಳು. ದೂರದಲ್ಲಿ ಶಾಲೆಯ ಗಂಟೆ ಬಡಿಯಿತು. ಹುಲುಗಿ ಎರಡು ಹೆಜ್ಜೆ ಓಡಿದವಳು ತಿರುಗಿ ಬಂದು ಅವ್ವನ ಮುಂದೆ ಕೂತಳು.

“ಬಿಚ್ಚಬ್ಯಾಡಬೇ. ಇದನ್ನ ನಟ್ಟ ನಡುವ ಮ್ಯಾಲಿಡು. ಸುತ್ತಾ ಅಷ್ಟ ಹೊಲಿ. ಕಿಸೀ ಬಾಯಿ ಹಂಗ ಇರಲಿ.”

“ಕೌದಿಗೆ ಕಿಸಿಯೇನಬೇ!” ಎಂದು ಅವ್ವ ನಗಲು ಹೊರಟವಳು, ಬಸವಕ್ಕನ ಮುಖ ನೋಡಿ ಕತ್ತರಿಯನ್ನು ಕೆಳಗಿಟ್ಟಳು.

ಎರಡನೇ ಗಂಟೆಗೆ ಹುಲುಗಿ ಎದ್ದು ಓಡಿದಳು. ಓಣಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು. ಅವ್ವ ಸೂಜಿಗೆ ತಾನೇ ದಾರ ಪೋಣಿಸಿಕೊಳ್ಳುತ್ತಿದ್ದಳು. ಬಸವಕ್ಕ ಪಕ್ಕದಲ್ಲಿ ಕಾಲು ಚಾಚಿ ಕೂತು, ಆ ಕಿಸೆಯೊಳಗೆ ಕೈಯಿಟ್ಟುಕೊಂಡು ಏನನ್ನೋ ಹೇಳುತ್ತಿದ್ದಳು.