ಬಾಕ್ಸರನ ಹೊಸ ಪುಸ್ತಕ

ನಾಚಾರಂನಿಂದ ಬಾಲಾನಗರದವರೆಗೆ ವಿಜಯಕುಮಾರನ ಗುದ್ದು ತಿಂದು ನೆಟ್ಟಗೆ ನಿಂತ ಗಂಡಸು ಹುಟ್ಟಿರಲಿಲ್ಲ. ಕಳೆದ ಭಾನುವಾರ ಒಬ್ಬ ಹುಟ್ಟಿಬಿಟ್ಟ. ಅವನ ಒಂದೇ ಏಟಿಗೆ ವಿಜಯಕುಮಾರ ರಿಂಗಿನಲ್ಲಿ ಅಂಗಾತ ಬಿದ್ದ. ಅದಾದರೂ ಹೋಗಲಿ; ಪಂದ್ಯದ ಡಾಕ್ಟರು, ತೋರಿಸದೆ ಯಾವ ರಿಂಗಿಗೂ ಇಳಿಯಲಾಗದ ಅವನ ವೈದ್ಯಕೀಯ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಮೆದುಳಿಗೆ ಪೆಟ್ಟು, ಮೂವತ್ತು ದಿನ ಆಡುವಂತಿಲ್ಲ.

ಮೂವತ್ತು ದಿನ! ರೈಲ್ವೆ ನೌಕರಿಯ ಆಯ್ಕೆ ಪಂದ್ಯಕ್ಕೆ ಉಳಿದದ್ದು ಎಂಟೇ ದಿನ. ನಾಲ್ಕು ವರ್ಷ ಕಾದ ನೌಕರಿ. ಆ ಸಿಟ್ಟಿಗೆ ಅವನು ಗುದ್ದಿದ ಅಭ್ಯಾಸದ ಚೀಲದ ನರಳಾಟ ಇಡೀ ಹೈದರಾಬಾದಿಗೆ ಕೇಳಿಸಿತು.

"ತಲಿ ಅಂದ್ರ ತೆಂಗಿನಕಾಯಿ ಅಲ್ರಿ, ಒಡದ್ರ ಇನ್ನೊಂದು ತರಾಕ," ಎಂದಳು ಹೆಂಡತಿ ಶಿವದೇವಿ.

"ಸುಮ್ನಿರು. ಇದು ತಲಿ ಅಲ್ಲ, ಶಹಾಬಾದ್ ಕಲ್ಲು!"

ಆ ಕಲ್ಲಿನಲ್ಲೇ ಯೋಜನೆ ಮೊಳೆಯಿತು. ಅಂಥ ಯೋಜನೆ ನಿಜಾಮರ ಕಾಲದಿಂದಲೂ ಯಾರಿಗೂ ಹೊಳೆದಿರಲಿಲ್ಲ. ಬುಧವಾರ ಹಳೆಯ ಪುಸ್ತಕವನ್ನು ಸುಟ್ಟ. ಅದು ರೈಲಿನಲ್ಲಿ ಕಳೆದುಹೋಯಿತೆಂದರೆ ಬಾಕ್ಸಿಂಗ್ ಸಂಘದ ಡಾಕ್ಟರ್ ನಲಿನಿ ತಪಾಸಣೆ ಮಾಡಿ ಹೊಸದನ್ನು ಕೊಡುತ್ತಾರೆ. ಅವರಿಗೆ ಇವನ ಮುಖಪರಿಚಯವೇ ಇಲ್ಲ. ತಪಾಸಣೆಯಲ್ಲಿ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆಂದು ಡಿಸೆಂಬರಿನಿಂದ ಜನವರಿಯವರೆಗೆ ಉರು ಹೊಡೆದ. ಒಂಟಿಕಾಲಲ್ಲಿ ಕೊಕ್ಕರೆಯೂ ನಾಚುವಂತೆ ನಿಂತು ಕಲಿತ.

ಶುಕ್ರವಾರ ಬೆಳಿಗ್ಗೆ ಸಿಕಂದರಾಬಾದಿನ ಆ ಡಾಕ್ಟರರ ದವಾಖಾನೆಯಲ್ಲಿ ನರ್ಸ್ ಸುಂದರಾಬಾಯಿ ಹೆಸರನ್ನೂ ಕೇಳದೆ, "ಬರ್ರಿ, ಒಳಗ ಹೋಗ್ರಿ," ಎಂದಳು. ತನ್ನ ಮುಷ್ಟಿಯ ಖ್ಯಾತಿ ಇಲ್ಲಿಗೂ ಮುಟ್ಟಿದೆಯೆಂದು ವಿಜಯಕುಮಾರ ಮೀಸೆ ತಿರುವಿದ.

ರೈಲಿನ ಕತೆಯನ್ನು ಕಣ್ಣಲ್ಲಿ ನೀರು ತಂದು ಹೇಳಿದ. ತಿಂಗಳುಗಳನ್ನು ಕೇಳುವ ಮೊದಲೇ ಸುರಿದ. ಕೊಕ್ಕರೆಯಾದ.

ಡಾಕ್ಟರ್ ನಲಿನಿ ಪೆನ್ನು ಕೆಳಗಿಟ್ಟರು. ದನಿಯಲ್ಲಿ ಗದರಿಕೆ ಇರಲಿಲ್ಲ. "ಭಾಳ ಚಂದ ಹೇಳಿದ್ರಿ. ನಿನ್ನೆನೂ ಇಷ್ಟಽ ಚಂದ ಹೇಳಿದ್ರಿ, ವಿಜಯಕುಮಾರ. ಇದಽ ಕುರ್ಚಿ, ಇದಽ ರೈಲು. ಮೊದ್ಲು ತಲಿ ಸ್ಕ್ಯಾನ್ ಮಾಡಿಸ್ರಿ ಅಂತ ಚೀಟಿ ಕೊಟ್ಟೆ. ಪಾಕೀಟಿನಾಗ ಇಟ್ಕೊಂಡು ಹೋದ್ರಿ." ಯಾರೋ ಬೇರೆಯವರಿರಬೇಕೆಂದು ವಿಜಯಕುಮಾರ ನಕ್ಕ; ಸುಳ್ಳೆಂದು ತೋರಿಸಲು ಪಾಕೀಟು ಬಿಚ್ಚಿ ಮೇಜಿನ ಮೇಲೆ ಕೊಡವಿದ. ನಾಲ್ಕಾಗಿ ಮಡಿಸಿದ ಚೀಟಿಯೊಂದು ಬಿತ್ತು. ಮೇಲೆ ಅವನ ಹೆಸರು, ಗುರುವಾರದ ತಾರೀಖು. ಕೆಳಗೆ ಅವನದೇ ರುಜು.