ಮಾವನ ಹನ್ನೆರಡನೇ ಅಂಗಡಿ

ಬೇರೆ ಯಾರಾದರೂ ಆಗಿದ್ದರೆ ರಾಜೀನಾಮೆ ಬಿಸಾಕಿ ವಿಮಾನ ಹತ್ತುತ್ತಿದ್ದರು. ಹೆಂಡತಿಯ ಅಪ್ಪನಿಗೆ ರಾಜೀನಾಮೆ ಕೊಡುವುದು ಹೇಗೆ? ಊರಿನಲ್ಲಿ ಹನ್ನೊಂದು ದಿನಸಿ ಮಳಿಗೆ ಕಟ್ಟಿದ ಮಾವ, ಹನ್ನೆರಡನೆಯದನ್ನು ಪರದೇಶದಲ್ಲಿ ತೆರೆದು ಅಳಿಯನನ್ನು ಅಲ್ಲಿ ನೆಟ್ಟು ಎರಡು ವರ್ಷವಾಗಿತ್ತು. "ಇದು ನಿಂತ್ರೆ ಪಕ್ಕದೂರಲ್ಲಿ ಇನ್ನೊಂದು. ಅದಕ್ಕೂ ನೀವೇ," ಎಂದಿದ್ದರು. ಗೆದ್ದರೆ ವನವಾಸ, ಸೋತರಷ್ಟೇ ಮನೆ.

ಅಂಗಡಿಯೋ ತಾನಾಗಿ ಸೋಲುವಂತಿರಲಿಲ್ಲ. ಇಲ್ಲಿಯವರು ದೊಡ್ಡ ಚೀಲ ಕೊಳ್ಳುವುದಿಲ್ಲ, ಹಿಂದೆ ಹಿಂದೆ ಬರುವ ಮಾರಾಟಗಾರನನ್ನು ಸಹಿಸುವುದಿಲ್ಲ ಎಂದು ಒಂದೊಂದಾಗಿ ಕಂಡುಕೊಂಡು ತಿದ್ದಿದವನು ಅವನೇ. ಜಾಣತನವೇ ಮುಳುವಾಗಿತ್ತು.

ಬಾಡಿಗೆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ವ್ಯಾಪಾರದ ಮಟ್ಟಿಗೆ ಭಾಷೆ ಕಲಿತಿದ್ದ. ಬೇಸರವಾಗಿದೆ ಎಂದು ಹೇಳಲು ಬರುತ್ತಿರಲಿಲ್ಲ, ಹೇಳಲು ಜನವೂ ಇರಲಿಲ್ಲ. ಒಂದು ಭಾನುವಾರ ಹೆಂಡತಿ ಫೋನಿನಲ್ಲಿ ನಕ್ಕಳು. "ನಿಮ್ಮ ಫೋಟೋ ತೋರಿಸಿದ್ರೆ ಮಗಳು ಫೋನ್ ಮಾಮ ಅಂತಾಳೆ." ಅವನಿಗೆ ನಗು ಬರಲಿಲ್ಲ. ಅಂಗಡಿ ಸೋಲಲೇಬೇಕು ಎಂದು ಅಂದೇ ನಿಶ್ಚಯಿಸಿದ.

ಹಾಲು, ಮಾಂಸ ಇಡುವ ಶೀತಕೋಣೆ ಬಿಸಿಯಾದರೆ ಎಚ್ಚರಿಕೆಯ ಸಂದೇಶ ಹೋಗುತ್ತಿದ್ದದ್ದು ಊರಿನ ಮುಖ್ಯ ಕಚೇರಿಗೆ. ಎರಡು ದೇಶಗಳ ರಜೆ ಎಂದೂ ಕೂಡಿಬರುತ್ತಿರಲಿಲ್ಲ. ಆ ವಾರ ಮಾತ್ರ ಎರಡೂ ಕಡೆ ಮೂರು ದಿನ ಬೀಗ. ಕೆಲಸದವರ ಮೇಲೆ ಅಪವಾದ ಬರಬಾರದೆಂದು ಅವರನ್ನೆಲ್ಲ ಬೇಗ ಕಳಿಸಿದ. ಹಾಲಿನ ಕ್ರೇಟೊಂದನ್ನು ತಾನಾಗಿ ಜಾರಿಬಿದ್ದಂತೆ ಶೀತಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಬೀಳಿಸಿದ. ಇರುವೆಗೂ ಸಂಶಯ ಬಾರದ ಕೆಲಸ.

ಮೂರನೇ ದಿನ ಪಕ್ಕದ ದರ್ಜಿ ಮೂಗು ಮುಚ್ಚಿಕೊಂಡು ದೂರು ಕೊಟ್ಟ. ಆಹಾರ ಇಲಾಖೆಯ ಅಧಿಕಾರಿ ಬಂದು ಮಾಂಸ, ಹಾಲು ಎಲ್ಲ ಕೊಳೆತದ್ದನ್ನು ಕಂಡು ಅಂಗಡಿಗೆ ಮೊಹರು ಹಾಕಿದ. ಪ್ರಾಣಕ್ಕಿಂತ ಮಾನ ದೊಡ್ಡದೆನ್ನುವ ಮಾವ ಫೋನಿನಲ್ಲಿ ನಿಟ್ಟುಸಿರಿಟ್ಟರು. "ಆ ದೇಶ ನಮಗೆ ಆಗಿಬರಲ್ಲ. ನೀವು ಹೊರಟುಬನ್ನಿ." ಅವನು ಒಬ್ಬನೇ ಕೂತು ಸಂತೋಷಕ್ಕೆ ಅತ್ತ.

ಪೆಟ್ಟಿಗೆ ಕಟ್ಟುತ್ತಿದ್ದಾಗ ಅಧಿಕಾರಿ ಕೋಣೆಗೇ ಬಂದ. "ಆಕಸ್ಮಿಕ ಅಂತಾನೇ ಬರೆದಿದೀನಿ, ನಿಮ್ಮ ಮೇಲೆ ಅನುಮಾನ ಇಲ್ಲ," ಎಂದು ಸಮಾಧಾನ ಹೇಳಿ, ಪಾಸ್‌ಪೋರ್ಟಿಗೆ ಕೈ ಚಾಚಿದ. ಇಲ್ಲಿ ಆಹಾರದ ಪರವಾನಗಿಯನ್ನು ಕಂಪನಿಗೆ ಕೊಡುವುದಿಲ್ಲ, ಇಲ್ಲೇ ವಾಸವಿರುವ ಒಬ್ಬ ಮನುಷ್ಯನಿಗೆ ಕೊಡುತ್ತಾರೆ. ವಿಚಾರಣೆ ಮುಗಿಯುವ ತನಕ ಆ ಮನುಷ್ಯ ಗಡಿ ದಾಟುವಂತಿಲ್ಲ. ಬಂದ ಹೊಸದರಲ್ಲಿ, ಮಾವ ಹೇಳಿದರೆಂದು, ಓದಲು ಬಾರದ ಲಿಪಿಯ ಕಾಗದದ ಕಟ್ಟಿಗೆ ಅವನು ಕಣ್ಣುಮುಚ್ಚಿ ರುಜು ಹಾಕಿದ್ದ; ಪರವಾನಗಿ ಅವನ ಹೆಸರಿನಲ್ಲೇ ಇತ್ತು. "ಎಷ್ಟು ದಿನ ಆಗುತ್ತೆ?" ಎಂದು ಕೇಳಿದ. "ದಿನ ಅಲ್ಲ," ಎಂದ ಅಧಿಕಾರಿ, ರಸೀದಿ ಬರೆಯುತ್ತಾ. "ಹೋದ ಸಲ ಇಂಥದ್ದೇ ಒಂದು ವಿಚಾರಣೆ ಆರು ವರ್ಷ ಹಿಡೀತು."